ಒಂದು ಲ್ಯಾಪ್‌ಟಾಪ್, ಎರಡು ಕಿರ್ದಿ

ಕೇಳುಗರಿಗೆ ನಮಸ್ಕಾರ.

ಲಕ್ಷಾಂತರ ಜನ ಬಳಸುವ, ಕೋಟಿಗಟ್ಟಲೆ ದಾಖಲೆ ಹೊರುವ ಸಾಫ್ಟ್‌ವೇರ್ ಬರೆಯುವುದನ್ನು ಎಲ್ಲಿಂದ ಕಲಿಯಬೇಕು, ಹೇಗೆ ಕಲಿಯಬೇಕು? ಇವತ್ತಿನ ವಿಷಯ ಅದು. ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವವರು, ಮೊದಲ ಕೆಲಸಕ್ಕೆ ಸೇರಿ ಒಂದೆರಡು ವರ್ಷ ಕಳೆದವರು ಕೇಳುತ್ತಿದ್ದೀರಿ ಎಂದುಕೊಂಡು ಮಾತಾಡುತ್ತೇನೆ. ನನ್ನ ಹತ್ತಿರ ಇರುವುದು ಒಂದೇ ಮಾತು, ಅದನ್ನೇ ಮೂರು ನಾಲ್ಕು ಸಲ ಹೇಳಬಹುದು, ಬೇಸರಿಸಬೇಡಿ. ಡೇಟಾಬೇಸನ್ನು ನಿಮ್ಮದೇ ಲ್ಯಾಪ್‌ಟಾಪಿನಲ್ಲಿ, ನಿಮ್ಮ ಕೈಯಾರೆ ಕೆಡಿಸಿ ನೋಡಿ. ಪುಸ್ತಕ ಆಮೇಲೆ ತೆರೆಯಿರಿ.

ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ಹನ್ನೆರಡು ಕೋರ್ಸಿಗೆ ಹೆಸರು ಕೊಟ್ಟಿರುತ್ತಾರೆ, ಪ್ರತಿಯೊಂದೂ ಮೂರನೇ ವಿಡಿಯೋಗೆ ನಿಂತಿರುತ್ತದೆ. ಹಲಗೆಯ ಮೇಲೆ ಚೌಕ ಬರೆದು ಬಾಣ ಎಳೆದು, ಇಲ್ಲಿ ಕಾಫ್ಕಾ, ಇಲ್ಲಿ ರೆಡಿಸ್, ಅಲ್ಲಿ ಶಾರ್ಡಿಂಗ್ ಎನ್ನಲು ಸೊಗಸಾಗಿ ಬರುತ್ತದೆ. ಒಂದು ಕೋಟಿ ಸಾಲಿರುವ ಟೇಬಲ್ ಮುಂದಿಟ್ಟು, ಈ ಕ್ವೆರಿ ಯಾಕಪ್ಪಾ ಇಷ್ಟು ನಿಧಾನ ಎಂದು ಕೇಳಿದರೆ ಬಾಯಿ ಕಟ್ಟುತ್ತದೆ.

ಒಂದು ಕೋಟಿ ಸಾಲು ಎಲ್ಲಿಂದ ತರಲಿ ಎನ್ನಬೇಡಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಹಾಕಿಕೊಳ್ಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಅದರ ಜೊತೆಗೇ ಪಿಜಿಬೆಂಚ್ ಎಂಬ, ವೇಗ ಅಳೆಯುವ ಉಪಕರಣ ಬರುತ್ತದೆ. ಸ್ಕೇಲ್ 100 ಎಂದು ಕೊಟ್ಟು ಟೇಬಲ್‌ಗಳನ್ನು ತುಂಬಿಸಿದರೆ, ಅಕೌಂಟ್ಸ್ ಟೇಬಲ್ಲಿನಲ್ಲಿ ಸರಿಯಾಗಿ 1 ಕೋಟಿ ಸಾಲು ಕೂರುತ್ತವೆ. ಡಿಸ್ಕಿನಲ್ಲಿ ಹಿಡಿಯುವ ಜಾಗ ಸುಮಾರು ಒಂದೂವರೆ ಜಿಬಿ, ಅಷ್ಟೇ. ಹತ್ತು ಕ್ಲೈಂಟ್, ಅಂದರೆ ಒಟ್ಟೊಟ್ಟಿಗೆ ಕೆಲಸ ಕೇಳುವ ಹತ್ತು ಗಿರಾಕಿಗಳನ್ನು ಇಟ್ಟು 60 ಸೆಕೆಂಡ್ ಓಡಿಸಿ, ಸೆಕೆಂಡಿಗೆ ಎಷ್ಟು ವ್ಯವಹಾರ ಆಯಿತು ಎಂಬುದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಈಗ ಬಾಕಿ 500 ಇರುವ ಖಾತೆಗಳನ್ನು ಹುಡುಕಿ. ಕ್ವೆರಿಯ ಮುಂದೆ, ಅದು ಹೇಗೆ ನಡೆಯಿತು ಎಂದು ತೋರಿಸುವ ಎಕ್ಸ್‌ಪ್ಲೇನ್ ಹಾಕಿ, ಅನಲೈಸ್ ಮತ್ತು ಬಫರ್ಸ್ ಎರಡೂ ಆಯ್ಕೆ ಕೊಡಿ. ಪೋಸ್ಟ್‌ಗ್ರೆಸ್ ಡಿಸ್ಕಿನಿಂದ ಓದುವುದು 8 ಕೆಬಿಯ ಪುಟಗಳ ಲೆಕ್ಕದಲ್ಲಿ. ಬೆರಳೆಣಿಕೆಯ ಖಾತೆ ಹುಡುಕಲು 1 ಲಕ್ಷ 60 ಸಾವಿರಕ್ಕೂ ಹೆಚ್ಚು ಪುಟ ತಿರುವಿ ಹಾಕಿತು ಎಂದು ಅದೇ ನಿಮಗೆ ವರದಿ ಒಪ್ಪಿಸುತ್ತದೆ. ಬಾಕಿಯ ಕಾಲಮ್ಮಿಗೆ ಇಂಡೆಕ್ಸ್, ಅಂದರೆ ಪುಸ್ತಕದ ಕೊನೆಯಲ್ಲಿರುವಂಥ ಸೂಚಿ ಹಾಕಿ ಮತ್ತೆ ಕೇಳಿ. ಪುಟಗಳ ಎಣಿಕೆ ನೆಲಕ್ಕಿಳಿಯುತ್ತದೆ.

ಎಲ್ಲ ಪಾಠಗಳೂ ಇಲ್ಲಿಗೆ ಮುಗಿಯುತ್ತವೆ, ನೀವು ಮುಗಿಸಬೇಡಿ. ಅದೇ ಹತ್ತು ಕ್ಲೈಂಟಿನ ಓಟವನ್ನು ಇನ್ನೊಮ್ಮೆ ಓಡಿಸಿ, ಕಾಗದದ ಅಂಕಿಯ ಪಕ್ಕ ಹೊಸ ಅಂಕಿ ಬರೆಯಿರಿ. ಇಳಿದಿರುತ್ತದೆ. ಯಾಕೆಂದರೆ ಪ್ರತಿ ವ್ಯವಹಾರವೂ ಬಾಕಿಯನ್ನು ಬದಲಿಸುತ್ತದೆ, ಈಗ ಆ ಬದಲಾವಣೆಯನ್ನು ಇಂಡೆಕ್ಸಿನಲ್ಲೂ ಬರೆಯಬೇಕು. ಓದುವವರಿಗೆ ಕೊಟ್ಟ ಸುಖದ ಬಿಲ್ಲನ್ನು ಬರೆಯುವವರು ಕಟ್ಟುತ್ತಿದ್ದಾರೆ. ಇನ್ನು ಕ್ಲೈಂಟುಗಳನ್ನು 150ಕ್ಕೆ ಏರಿಸಿ. ಸರ್ವರ್ ಬಾಗಿಲು ಹಾಕಿಕೊಳ್ಳುತ್ತದೆ, ಯಾಕೆಂದರೆ ಸಂಪರ್ಕಗಳ ಮಿತಿ ಮೊದಲಿಂದಲೇ 100 ಇರುತ್ತದೆ. ಅದನ್ನು ಸಾವಿರ ಮಾಡಿಬಿಡುವುದು ಎಲ್ಲರಿಗೂ ಹೊಳೆಯುವ ಉಪಾಯ, ಮತ್ತು ತಪ್ಪು ಉಪಾಯ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಸಂಪರ್ಕಕ್ಕೂ ಒಂದೊಂದು ಪ್ರತ್ಯೇಕ ಪ್ರೋಸೆಸ್, ಅದಕ್ಕೆ ಅದರದೇ ಮೆಮೊರಿ. ನಡುವೆ, ಕೆಲವೇ ಸಂಪರ್ಕಗಳನ್ನು ಹಲವರಿಗೆ ಹಂಚುವ ಪಿಜಿಬೌನ್ಸರ್‌ನಂಥ ಪೂಲರ್ ಕೂರಿಸಿ.

ಈಗ ನನಗೆ ಬಹಳ ಪ್ರಿಯವಾದ ಒಂದು ಪ್ರಸಂಗ. 2018ರ ಅಕ್ಟೋಬರ್ 22, ಸೋಮವಾರ. ನಮ್ಮಲ್ಲಿ ಬೆಳಗಿನ ಜಾವ 4 ಗಂಟೆ 22 ನಿಮಿಷ, ಅಮೆರಿಕದಲ್ಲಿ ಇನ್ನೂ ಭಾನುವಾರ. ಜಗತ್ತಿನ ಪ್ರೋಗ್ರಾಮರುಗಳು ತಮ್ಮ ಕೋಡ್ ಇಡುವ ಗಿಟ್‌ಹಬ್ ಸಂಸ್ಥೆಯ ಪೂರ್ವ ಕರಾವಳಿಯ ಜಾಲದಲ್ಲಿ ಕೆಟ್ಟುಹೋಗುತ್ತಿದ್ದ ಒಂದು ಆಪ್ಟಿಕಲ್ ಸಾಧನವನ್ನು ಬದಲಿಸುವ ಮಾಮೂಲಿ ಕೆಲಸ ನಡೆದಿತ್ತು. ಆ ಗಡಿಬಿಡಿಯಲ್ಲಿ ಮುಖ್ಯ ಡೇಟಾ ಸೆಂಟರಿನ ಸಂಪರ್ಕ ಕಡಿಯಿತು. ಎಷ್ಟು ಹೊತ್ತು? 43 ಸೆಕೆಂಡ್. ಸೇವೆ ಪೂರ್ತಿ ಸರಿಹೋಗಲು ಹಿಡಿದದ್ದು 24 ಗಂಟೆ 11 ನಿಮಿಷ. ಬೆಂಗಳೂರಿನ ಆ ಸೋಮವಾರ ಇಡೀ ಅದರೊಳಗೇ ಹೋಯಿತು.

43 ಸೆಕೆಂಡು ಒಂದು ದಿನವಾದದ್ದು ಹೇಗೆ? ಹಳೇ ಕಾಲದ ಅಂಗಡಿ ನೆನಪಿಸಿಕೊಳ್ಳಿ. ವ್ಯಾಪಾರ ನಡೆದ ಹಾಗೆ ಮೊದಲು ಕಿರ್ದಿಯಲ್ಲಿ ಬರೆಯುತ್ತಿದ್ದರು, ಬಿಡುವಾದಾಗ ಖಾತೆಗೆ ಏರಿಸುತ್ತಿದ್ದರು. ಡೇಟಾಬೇಸ್ ಮಾಡುವುದೂ ಇದನ್ನೇ. ಪೋಸ್ಟ್‌ಗ್ರೆಸ್‌ನಲ್ಲಿ ಕಿರ್ದಿಗೆ ವಾಲ್ ಎನ್ನುತ್ತಾರೆ, ಮೈಎಸ್‌ಕ್ಯುಎಲ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ನಕಲಿಗೆಂದು ಕಳಿಸುವ ಕಿರ್ದಿಗೆ ಬಿನ್‌ಲಾಗ್. ರೆಪ್ಲಿಕಾ ಎಂದರೆ ಇನ್ನೇನಲ್ಲ, ಮುಖ್ಯ ಅಂಗಡಿಯ ಕಿರ್ದಿಯನ್ನು ನೋಡಿ ನೋಡಿ ನಕಲು ಮಾಡುವ ಇನ್ನೊಂದು ಅಂಗಡಿ. ಗಿಟ್‌ಹಬ್‌ನ ಮುಖ್ಯ ಅಂಗಡಿ ಪೂರ್ವದಲ್ಲಿತ್ತು. ಅದು ಕಾಣದಂತಾದ ಕೂಡಲೇ ಆರ್ಕೆಸ್ಟ್ರೇಟರ್ ಎಂಬ ಕಾವಲು ತಂತ್ರಾಂಶ, ತನಗೆ ಹೇಳಿಕೊಟ್ಟಂತೆಯೇ, ಬಹುಮತ ಕೂಡಿಸಿ ಪಶ್ಚಿಮದ ಅಂಗಡಿಗೆ ಯಜಮಾನಿಕೆ ಕೊಟ್ಟಿತು. ಪೂರ್ವದ ಕಿರ್ದಿಯ ಕೊನೆಯ ಕೆಲವು ಸಾಲು ಪಶ್ಚಿಮಕ್ಕೆ ತಲುಪಿರಲೇ ಇಲ್ಲ. ಪಶ್ಚಿಮದವರು ಅದನ್ನರಿಯದೆ ಹೊಸ ವ್ಯಾಪಾರ ಬರೆಯುತ್ತ ಹೋದರು, ಹೆಚ್ಚುಕಡಿಮೆ 40 ನಿಮಿಷ. ಒಂದೇ ಅಂಗಡಿಗೆ ಎರಡು ಕಿರ್ದಿ, ಒಂದರಲ್ಲಿದ್ದದ್ದು ಇನ್ನೊಂದರಲ್ಲಿಲ್ಲ! ಅವರ ಅತ್ಯಂತ ಚಟುವಟಿಕೆಯ ಒಂದು ಕ್ಲಸ್ಟರಿನಲ್ಲಿ, ಅಂದರೆ ಡೇಟಾಬೇಸ್ ಸರ್ವರುಗಳ ಗುಂಪಿನಲ್ಲಿ, ಹೀಗೆ ಪೂರ್ವದಲ್ಲೇ ಉಳಿದುಬಿಟ್ಟ ಬರಹಗಳು 954. ಒಂಬೈನೂರ ಐವತ್ತನಾಲ್ಕು, ಅಷ್ಟೇ.

ಅಷ್ಟನ್ನು ಎಸೆದು ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ಸೈಟು ನಿಧಾನವಾದರೂ ಸರಿ, ಗ್ರಾಹಕರ ದಾಖಲೆ ಉಳಿಯಬೇಕು ಎಂದು ನಿರ್ಧರಿಸಿ ಬೇರೆ ತಾಣಗಳಿಗೆ ಸುದ್ದಿ ಮುಟ್ಟಿಸುವ ವೆಬ್‌ಹುಕ್, ಗ್ರಾಹಕರ ವೆಬ್ ಪುಟ ಕಟ್ಟುವ ಪೇಜಸ್ ಕೆಲಸ ಎರಡನ್ನೂ ನಿಲ್ಲಿಸಿದರು. ನಾಲ್ಕು ಗಂಟೆಗೊಮ್ಮೆ ತೆಗೆದ ಬ್ಯಾಕಪ್ ಇತ್ತು. ಆದರೆ ಅದಿದ್ದದ್ದು ದೂರದ ಕ್ಲೌಡ್‌ನಲ್ಲಿ, ಹಲವು ಟೆರಾಬೈಟ್. ಇಳಿಸಿಕೊಳ್ಳುವುದಕ್ಕೇ ಗಂಟೆಗಟ್ಟಲೆ ಬೇಕಾಯಿತು. ಈ ವೃತ್ತಾಂತವನ್ನು ನಿಮಿಷ ನಿಮಿಷದ ಲೆಕ್ಕದೊಂದಿಗೆ ಅವರೇ ಬರೆದು ಪ್ರಕಟಿಸಿದ್ದಾರೆ. ಇಂಥ ಬರಹಕ್ಕೆ ಪೋಸ್ಟ್‌ಮಾರ್ಟಮ್ ಎನ್ನುತ್ತಾರೆ. ಹತ್ತು ಕೋರ್ಸಿಗಿಂತ ಇದೊಂದು ಮೇಲು.

ಓದಿದರೆ ಸಾಲದು, ಅದನ್ನೇ ನಿಮ್ಮ ಮೇಜಿನ ಮೇಲೆ ಮಾಡಿ. ನಿಮ್ಮ ಹೋಮ್ ಫೋಲ್ಡರಿನಲ್ಲಿ ಹೊಸ ಡೇಟಾ ಫೋಲ್ಡರ್ ಸಿದ್ಧಮಾಡುವ ಇನಿಟ್‌ಡಿಬಿ ಓಡಿಸಿ ಸ್ವಂತದ್ದೊಂದು ಪೋಸ್ಟ್‌ಗ್ರೆಸ್ ಎಬ್ಬಿಸಿ. ಉಬುಂಟುವಿನಲ್ಲಿ ಸಿದ್ಧವಾಗಿ ಸಿಗುವುದನ್ನು ಈ ಪ್ರಯೋಗಕ್ಕೆ ಬಳಸಬೇಡಿ. ಅದರ ಸೆಟ್ಟಿಂಗ್ ಫೈಲುಗಳು ಇಟಿಸಿ ಫೋಲ್ಡರಿನಲ್ಲಿ ಬೇರೆಯಾಗಿ ಕೂತಿರುತ್ತವೆ, ನಕಲು ತೆಗೆದಾಗ ಜೊತೆಗೆ ಬರುವುದಿಲ್ಲ, ಎರಡನೇ ಸರ್ವರ್ ಏಳುವುದಿಲ್ಲ, ನಿಮ್ಮ ಸಂಜೆ ಹಾಳು. ವಾಲ್ ಲಾಗ್ ಹಿಂಟ್ಸ್ ಎಂಬ ಸೆಟ್ಟಿಂಗನ್ನು ಈಗಲೇ ಆನ್ ಮಾಡಿಡಿ, ಕೊನೆಗೆ ಬೇಕಾಗಬಹುದು. ಆಮೇಲೆ ಪಿಜಿ ಬೇಸ್‌ಬ್ಯಾಕಪ್‌ಗೆ ದೊಡ್ಡ ಆರ್ ಆಯ್ಕೆ ಕೊಟ್ಟು ಇನ್ನೊಂದು ಫೋಲ್ಡರಿಗೆ ನಕಲು ತೆಗೆಯಿರಿ. ಆ ಆರ್ ಮರೆತರೆ ನಕಲು ರೆಪ್ಲಿಕಾ ಆಗುವುದಿಲ್ಲ, ಸ್ವತಂತ್ರ ಅಂಗಡಿ ತೆರೆದು ಕೂರುತ್ತದೆ. ಪೋರ್ಟ್ 5433 ಮಾಡಿ ಎಬ್ಬಿಸಿ.

ಮೊದಲ ಪ್ರಯೋಗ. ರೆಪ್ಲಿಕಾದಲ್ಲಿ ರಿಕವರಿ ಮಿನ್ ಅಪ್ಲೈ ಡಿಲೇ ಎಂಬುದನ್ನು 5 ಸೆಕೆಂಡ್ ಮಾಡಿ. ಮುಖ್ಯ ಸರ್ವರಿನಲ್ಲಿ ಒಂದು ಸಾಲು ಸೇರಿಸಿ, ತಕ್ಷಣ ರೆಪ್ಲಿಕಾದಲ್ಲಿ ಹುಡುಕಿ. ಸಿಗುವುದಿಲ್ಲ. ಫೋಟೋ ಹಾಕಿದೆ, ಪುಟ ತೆರೆದರೆ ಕಾಣುತ್ತಿಲ್ಲ ಎಂದು ಗ್ರಾಹಕರು ದೂರುತ್ತಾರಲ್ಲ, ಅದರ ಒಂದು ದೊಡ್ಡ ಕಾರಣ ಇದು. ತಾನು ಬರೆದದ್ದನ್ನು ಆಗಲೇ ಓದಬೇಕಾದವರನ್ನು ಮುಖ್ಯ ಸರ್ವರಿಗೇ ಕಳಿಸಬೇಕು.

ಎರಡನೆಯದು. ಆ ತಡವನ್ನು ತೆಗೆದುಹಾಕಿ. ಮುಖ್ಯ ಸರ್ವರನ್ನು ನಿಲ್ಲಿಸದೆಯೇ ರೆಪ್ಲಿಕಾಕ್ಕೆ ಪ್ರಮೋಟ್, ಅಂದರೆ ನೀನೇ ಯಜಮಾನ ಎನ್ನುವ ಆಜ್ಞೆ ಕೊಡಿ. ಮುಖ್ಯ ಸರ್ವರಿನ ಪೋರ್ಟ್ 5432ರಲ್ಲಿ ಐದು ಸಾಲು ಬರೆಯಿರಿ, 5433ರಲ್ಲಿ ಬೇರೆ ಐದು. ಇಗೋ, ಎರಡು ಕಿರ್ದಿ. ಈಗ ಒಂದು ಮಾಡಿ ನೋಡೋಣ! ಹಳೇ ಸರ್ವರನ್ನು ಕಿರ್ದಿ ಕವಲೊಡೆದ ಜಾಗಕ್ಕೆ ಹಿಂದಕ್ಕೆ ಒಯ್ಯುವ ಪಿಜಿ ರಿವೈಂಡ್ ಎಂಬುದಿದೆ, ಆಗಲೇ ಆ ಸೆಟ್ಟಿಂಗ್ ಆನ್ ಮಾಡಿದ್ದು ಅದಕ್ಕೇ. ಹಳೇ ಸರ್ವರನ್ನು ನಿಲ್ಲಿಸಿ, ಇಲ್ಲೂ ದೊಡ್ಡ ಆರ್ ಆಯ್ಕೆ ಕೊಟ್ಟು ಅದನ್ನು ಓಡಿಸಿ, ಮತ್ತೆ ಎಬ್ಬಿಸಿದರೆ ಹಳೇ ಯಜಮಾನ ಹೊಸಬನ ಹಿಂದೆ ಶಿಸ್ತಾಗಿ ನಿಲ್ಲುತ್ತಾನೆ. ಅವನ ಐದು ಸಾಲು? ಹೋದವು. ಕೂಡಿಸಿಕೊಡುವ ಮಂತ್ರ ಅದರಲ್ಲಿಲ್ಲ. ಯಾವುದು ಉಳಿಯಬೇಕು ಎಂಬುದನ್ನು ಆ ವ್ಯಾಪಾರ ಬಲ್ಲವರೇ ಹೇಳಬೇಕು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನಾನು ಹೇಳುತ್ತಿರುವುದು, ಆ ಕೆಡುವುದನ್ನು ಲ್ಯಾಪ್‌ಟಾಪಿನಲ್ಲೇ ಮುಗಿಸಿಕೊಳ್ಳಿ ಎಂದು.

ಗಡಿಯಾರ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಪುಸ್ತಕ ಬೇಕೆಂದರೆ 2017ರಲ್ಲಿ ಬಂದ ಮಾರ್ಟಿನ್ ಕ್ಲೆಪ್‌ಮನ್ ಅವರ 'ಡಿಸೈನಿಂಗ್ ಡೇಟಾ ಇಂಟೆನ್ಸಿವ್ ಅಪ್ಲಿಕೇಷನ್ಸ್' ಒಂದೇ ಸಾಕು. ಮುಖಪುಟದಲ್ಲಿ ನಮ್ಮ ಕಾಡುಹಂದಿಯೇ ಇದೆ, ಭಾರತದ್ದು! ಎರಡು ಕಿರ್ದಿಯ ಪ್ರಯೋಗ ಮಾಡಿದವರು ಮೊದಲು ರೆಪ್ಲಿಕೇಷನ್ ಅಧ್ಯಾಯಕ್ಕೆ ಹೋಗಿ, ಮೊದಲ ಪುಟದಿಂದಲೇ ಶುರುಮಾಡಬೇಕೆಂದಿಲ್ಲ. ಡೇಟಾಬೇಸಿನ ಹೊಟ್ಟೆಯೊಳಗೆ ನೋಡಬೇಕೆಂದರೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಂಡಿ ಪಾವ್ಲೋ ಅವರ ಪಾಠಗಳು ಯೂಟ್ಯೂಬಿನಲ್ಲಿ ಉಚಿತವಾಗಿವೆ. ಅವುಗಳ ಜೊತೆಗಿರುವ, ಬಸ್‌ಟಬ್ ಎಂಬ ಕಲಿಕೆಯ ಡೇಟಾಬೇಸಿನ ಅಭ್ಯಾಸವನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಮಾಡಬೇಕು. ಪಾಠ ಕೇಳಿ ಅಭ್ಯಾಸ ಬಿಟ್ಟರೆ ಕೇಳಿದ್ದೂ ದಂಡ.

ಹಲವು ಸರ್ವರುಗಳು ಒಮ್ಮತಕ್ಕೆ ಬರುವುದನ್ನು ಕಲಿಯಲು ಎಂಐಟಿಯ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಕೋರ್ಸಿದೆ. ಅಲ್ಲಿ ಗೋ ಭಾಷೆಯಲ್ಲಿ ರಾಫ್ಟ್ ಎಂಬ ಒಮ್ಮತದ ವಿಧಾನವನ್ನು ಬರೆಯಬೇಕು. ರಾಫ್ಟ್ ಪ್ರಬಂಧ ಬಂದದ್ದು 2014ರಲ್ಲಿ, ಅದರಲ್ಲಿರುವ 150ರಿಂದ 300 ಮಿಲಿಸೆಕೆಂಡಿನ ಚುನಾವಣಾ ಅವಧಿಯನ್ನು, ಅಂದರೆ ಹೊಸ ನಾಯಕನ ಚುನಾವಣೆಗೆ ಮುನ್ನ ಕಾಯುವ ಹೊತ್ತನ್ನು, ಹಾಗೇ ಎತ್ತಿ ಹಾಕಬೇಡಿ, ಆ ಅಭ್ಯಾಸಕ್ಕೆ ಅದು ತೀರಾ ಚಿಕ್ಕದು. ಪರೀಕ್ಷೆ ಒಮ್ಮೆ ಪಾಸಾಯಿತೆಂದು ಕುಣಿಯಬೇಡಿ. ಒಂದೇ ಡೇಟಾಕ್ಕೆ ಇಬ್ಬರು ಒಟ್ಟಿಗೆ ಕೈಹಾಕುವುದನ್ನು ಹಿಡಿಯುವ ರೇಸ್ ಡಿಟೆಕ್ಟರ್ ಹಾಕಿ ನೂರು ಸಲ ಓಡಿಸಿ, ತೊಂಬತ್ತೇಳನೇ ಓಟದಲ್ಲಿ ಬೀಳುವ ದೋಷವೇ ನಿಜವಾದ ದೋಷ. ಗೂಗಲ್‌ನ 2004ರ ಮ್ಯಾಪ್‌ರೆಡ್ಯೂಸ್, ಅಮೆಜಾನ್‌ನ 2007ರ ಡೈನಮೋ ಪ್ರಬಂಧಗಳನ್ನು ಓದುವುದು ಇದಾದ ಮೇಲೆ.

ಒಂದು ಎಚ್ಚರಿಕೆ. ಕಚೇರಿಯ ಸರ್ವರಿನ ಮೇಲೆ ಈ ಯಾವುದೂ ಬೇಡ. 2017ರ ಜನವರಿ 31ರಂದು ಗಿಟ್‌ಹಬ್‌ನಂಥದ್ದೇ ಆದ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ರೆಪ್ಲಿಕಾದ ಫೋಲ್ಡರ್ ಅಳಿಸಬೇಕಾದವರು ಮುಖ್ಯ ಸರ್ವರಿನದ್ದನ್ನು ಅಳಿಸಿದರು, ಉಳಿಸಿದ್ದು ಆರು ಗಂಟೆ ಹಳೆಯದಾದ ಒಂದು ನಕಲು. ಅದನ್ನೂ ಅವರೇ ಬರೆದಿಟ್ಟಿದ್ದಾರೆ, ಓದಿ. 5432ರ ಟರ್ಮಿನಲ್ಲಿಗೆ ಒಂದು ಬಣ್ಣ, 5433ಕ್ಕೆ ಇನ್ನೊಂದು ಬಣ್ಣ ಹಾಕಿಕೊಂಡು ಇವತ್ತು ರಾತ್ರಿಯೇ ಶುರುಮಾಡಿ. ನಮಸ್ಕಾರ.