ಗಾಳಿಯೇ ಮೊದಲ ಸ್ಪ್ರಿಂಗ್

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿರುವ ನಮ್ಮ ಕನ್ನಡದವರು ಮುಂಚೆ ಕ್ಯಾಮ್ರಿ, ಅಕಾರ್ಡ್ ಬಿಟ್ಟು ಬೇರೆ ಗಾಡಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಈಗ ಹಾಗಿಲ್ಲ. ಯುಗಾದಿ ಊಟಕ್ಕೆ ಹೋದರೆ ಹಾಲ್‌ನ ಮುಂದೆ ಪಿಕಪ್ ಟ್ರಕ್‌ಗಳು ಸಾಲಾಗಿ ನಿಂತಿರುತ್ತವೆ. ಅದೂ ಎಂಥವು! ಫೋರ್ಡ್ ಎಫ್-150 ಪ್ಲಾಟಿನಮ್, ರ‍್ಯಾಮ್ 1500 ಲಿಮಿಟೆಡ್, ಜಿಎಂಸಿ ಸಿಯೆರಾ ಡೆನಾಲಿ. ಒಳಗೆ ತೊಗಲಿನ ಸೀಟು, ಬೇಸಿಗೆಯಲ್ಲಿ ಸೀಟಿನೊಳಗಿಂದಲೇ ತಂಪು ಗಾಳಿ. ಹೊರಗೆ ಥಳಥಳ ಹೊಳೆಯುವ ದೊಡ್ಡ ಚಕ್ರ, ಎಷ್ಟೋ ಗಾಡಿಗಳಲ್ಲಿ 22 ಇಂಚಿನದು. ಇವತ್ತು ನನಗೆ ಕೊಟ್ಟಿರುವ ಸಮಯದಲ್ಲಿ ನಾನು ಮಾತಾಡುವುದು ಆ ಚಕ್ರದ ಬಗ್ಗೆ ಮಾತ್ರ.

ಮಿಷಿಗನ್‌ನಲ್ಲಿ ಇಪ್ಪತ್ತಾರು ವರ್ಷ ನಾನು ಮಾಡಿದ ಕೆಲಸ ಅಂದರೆ ಗಾಡಿಯ ಸವಾರಿಯನ್ನು ಹದಕ್ಕೆ ತರುವುದು. ಟೈರು, ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಇಷ್ಟೇ ನನ್ನ ಪ್ರಪಂಚ. ಅಷ್ಟು ವರ್ಷ ಕಲಿತದ್ದನ್ನು ಒಂದು ಮಾತಿನಲ್ಲಿ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಗಾಳಿಯೇ ಮೊದಲ ಸ್ಪ್ರಿಂಗ್. ರಸ್ತೆಯ ಗುಂಡಿಗೂ ನಿಮ್ಮ ಬೆನ್ನುಮೂಳೆಗೂ ನಡುವೆ ಮೊದಲು ಅಡ್ಡ ನಿಲ್ಲುವುದು ಟೈರಿನೊಳಗಿನ ಗಾಳಿ. ಕಬ್ಬಿಣದ ಸ್ಪ್ರಿಂಗು, ಶಾಕು, ಸೀಟಿನ ಸ್ಪಂಜು ಎಲ್ಲಾ ಆಮೇಲೆ ಬರುತ್ತವೆ.

ಇದನ್ನು ನನಗಿಂತ ಚೆನ್ನಾಗಿ ಹೇಳಿದವರು ತಿಪಟೂರು ಕಡೆಯ ಒಬ್ಬ ತಾಯಿ. ಆ ಕಥೆ ಹೇಳಲೇಬೇಕು.

ನನ್ನ ಪರಿಚಯದ ಹುಡುಗ ಒಬ್ಬ, ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ನೋವೈ ಊರಿನಲ್ಲಿ ಮನೆ. ದೊಡ್ಡ ಪಿಕಪ್ ಒಂದರ ಮೇಲ್ತರದ ಮಾಡೆಲ್ ಕೊಂಡ. ಯಾವ ಕಂಪನಿಯದು ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಏರ್ ಸಸ್ಪೆನ್ಷನ್, ಅಂದರೆ ಕಬ್ಬಿಣದ ಸ್ಪ್ರಿಂಗಿನ ಬದಲು ಗಾಳಿಚೀಲ, ಹಾಕಿಸಿದ್ದ, 22 ಇಂಚಿನ ರಿಮ್ ಹಾಕಿಸಿದ್ದ. ಆರು ತಿಂಗಳಿಗೆಂದು ಅವನ ತಾಯಿ ಊರಿಂದ ಬಂದರು. ಬಂದದ್ದು ಮಾರ್ಚ್ ತಿಂಗಳು. ಮಾರ್ಚ್ ಅಂದರೆ ಮಿಷಿಗನ್‌ನಲ್ಲಿ ಗುಂಡಿಗಳ ಕಾಲ. ಚಳಿಗಾಲದಲ್ಲಿ ರಸ್ತೆಯ ಬಿರುಕಿಗೆ ಇಳಿದ ನೀರು ಮಂಜುಗಡ್ಡೆಯಾಗುತ್ತದೆ, ಆಗುವಾಗ ನೂರಕ್ಕೆ ಒಂಬತ್ತು ಪಾಲು ಉಬ್ಬಿ ಡಾಂಬರನ್ನು ಎತ್ತುತ್ತದೆ. ಬಿಸಿಲು ಬಂದು ಕರಗಿದಾಗ ಕೆಳಗೆ ಪೊಳ್ಳು ಉಳಿಯುತ್ತದೆ. ಮೇಲೆ ಲಾರಿ ಹಾಯ್ದರೆ ಕುಸಿಯುತ್ತದೆ. ಅಂಥ ರಸ್ತೆಯಲ್ಲಿ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ದೇವಸ್ಥಾನಕ್ಕೆ ಹೊರಟ. ತೊಡೆಯ ಮೇಲೆ ಪುಳಿಯೋಗರೆ ಡಬ್ಬಿ. ಎರಡು ಮೈಲಿ ಹೋಗುವಷ್ಟರಲ್ಲಿ ಅವರು ಮುಂದಕ್ಕೆ ಬಾಗಿ ಮಗನ ಸೀಟು ಹಿಡಿದುಕೊಂಡರಂತೆ. "ಇದೇನಪ್ಪಾ, ನಿನ್ನ ಗಾಡಿ ನಮ್ಮ ಮಾವನೋರ ಕಬ್ಬಿಣದ ಪಟ್ಟೆ ಗಾಡಿ ಇದ್ದಂಗೈತೆ. ಇದಕ್ಕೆ ಟೈರೇ ಇಲ್ವೇನೋ?"

ಹುಡುಗನಿಗೆ ಬೇಜಾರಾಯಿತು. ಗಾಡಿ ಕೊಂಡ ಜಾಗಕ್ಕೆ ಎರಡು ಸಲ ಹೋಗಿ ಬಂದ. ಅಲೈನ್‌ಮೆಂಟ್ ನೋಡಿದರು, ಶಾಕ್ ನೋಡಿದರು, ಎಲ್ಲಾ ಸರಿಯಾಗಿದೆ ಅಂದರು. ಆಮೇಲೆ ನನಗೆ ಫೋನ್ ಮಾಡಿದ. "ಸರ್, ಇನ್ನೂ ದುಬಾರಿ ಶಾಕ್ ಹಾಕಿಸಿಬಿಡ್ಲಾ?" ಬೇಡ ಅಂತ ಹೇಳಿ, ಭಾನುವಾರ ನಾನೇ ಹೋಗಿ ಹಿಂದಿನ ಸೀಟಿನಲ್ಲಿ ಅವನ ತಾಯಿಯ ಪಕ್ಕ ಕೂತೆ. ಅವರ ಮನೆಯ ಸ್ಟೀಲ್ ಲೋಟ ಒಂದಕ್ಕೆ ಅರ್ಧ ನೀರು ತುಂಬಿ ಕಾಲ ಬಳಿ ಇಟ್ಟೆ. ರಸ್ತೆ ಉದ್ದುದ್ದಕ್ಕೆ ಅಲೆಯಂತೆ ಏರಿಳಿಯುವ ಕಡೆ ನೀರು ನಿಧಾನಕ್ಕೆ ಆ ಕಡೆ ಈ ಕಡೆ ವಾಲುತ್ತಿತ್ತು. ಅಲ್ಲಿ ಏರ್ ಸಸ್ಪೆನ್ಷನ್ ತನ್ನ ಕೆಲಸ ಚೆನ್ನಾಗಿ ಮಾಡುತ್ತಿತ್ತು. ಹೆದ್ದಾರಿಗೆ ಬಂದೆವು. ಕಾಂಕ್ರೀಟ್ ಚಪ್ಪಡಿಗಳ ಸಂದು, ಟಕ್ ಟಕ್ ಟಕ್. ಒಂದೊಂದು ಸಂದಿಗೂ ಲೋಟದ ನೀರಿನ ಮೇಲೆ ಸಣ್ಣ ಮುಳ್ಳಿನಂಥ ಅಲೆ ಎದ್ದು ನಾಲ್ಕು ಹನಿ ಆಚೆ ಹಾರುತ್ತಿತ್ತು. ನನಗೆ ಅಷ್ಟು ಸಾಕಾಯಿತು. ದೊಡ್ಡ ಅಲೆಯನ್ನು ಸಸ್ಪೆನ್ಷನ್ ನುಂಗುತ್ತದೆ. ಸಣ್ಣ ಚೂಪು ಏಟನ್ನು ನುಂಗಬೇಕಾದದ್ದು ಟೈರು. ಆ ಗಾಡಿಯಲ್ಲಿ ನುಂಗಲು ಟೈರೇ ಸಾಲದು.

ಇಳಿದು ಟೈರಿನ ಪಕ್ಕೆಯ ಮೇಲಿನ ಅಂಕಿ ಓದಿದೆ: 275/50 R22. ನೀವೂ ಓದುವುದನ್ನು ಕಲಿಯಿರಿ, ಎರಡು ನಿಮಿಷದ ಕೆಲಸ. 275 ಅಂದರೆ ಟೈರಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 50 ಅಂದರೆ ಆ ಅಗಲದ ನೂರಕ್ಕೆ ಐವತ್ತು ಪಾಲು ಟೈರಿನ ಪಕ್ಕೆಯ ಎತ್ತರ, ಸೈಡ್‌ವಾಲ್ ಅನ್ನುತ್ತೇವಲ್ಲ ಅದು. 22 ಅಂದರೆ ರಿಮ್ಮಿನ ಇಂಚು. ಅಂದರೆ ಅವನ ಗಾಡಿಯ ರಿಮ್ಮಿಗೂ ರಸ್ತೆಗೂ ನಡುವೆ ಇದ್ದದ್ದು 138 ಮಿಲಿಮೀಟರ್. ಅದೇ ಜಾತಿಯ ಗಾಡಿಗೆ 275/70 R18 ಅನ್ನುವ ಟೈರೂ ಇದೆ. ಅದರ ಪಕ್ಕೆ 193 ಮಿಲಿಮೀಟರ್. ಈಗ ಗಮನವಿಟ್ಟು ಕೇಳಿ. ಎರಡೂ ಚಕ್ರಗಳನ್ನು ಅಕ್ಕಪಕ್ಕ ನಿಲ್ಲಿಸಿದರೆ ಒಟ್ಟು ಎತ್ತರದಲ್ಲಿ ವ್ಯತ್ಯಾಸ ಎಷ್ಟು? ಒಂದು 834 ಮಿಲಿಮೀಟರ್, ಇನ್ನೊಂದು 842. ಹೆಚ್ಚುಕಡಿಮೆ ಒಂದೇ! ದೊಡ್ಡ ಚಕ್ರ ಅಂತ ನೀವು ದುಡ್ಡು ಕೊಟ್ಟಿರಿ, ಚಕ್ರ ದೊಡ್ಡದಾಗಲೇ ಇಲ್ಲ. ಒಳಗಿನ ಲೋಹ ಬೆಳೆಯಿತು, ಸುತ್ತಲಿನ ಗಾಳಿ ಸವೆಯಿತು. 55 ಮಿಲಿಮೀಟರ್ ಗಾಳಿ ಕಳೆದುಕೊಂಡಿರಿ. ಗಾಳಿಯೇ ಮೊದಲ ಸ್ಪ್ರಿಂಗ್ ಅಂದೆನಲ್ಲ, ಆ ಸ್ಪ್ರಿಂಗಿನ ಕಾಲುಭಾಗಕ್ಕಿಂತ ಹೆಚ್ಚು ಕತ್ತರಿಸಿ ಬಿಸಾಡಿದ ಹಾಗೆ.

ಆ ತಾಯಿ ಎತ್ತಿನ ಗಾಡಿಯ ಮಾತು ಎತ್ತಿದ್ದು ಎಷ್ಟು ಸರಿ ನೋಡಿ. ಹಳೇ ಕಾಲದ ಗಾಡಿಯ ಮರದ ಚಕ್ರ ಎದೆಯೆತ್ತರ ಇರುತ್ತಿತ್ತು. ಎತ್ತರದ ಚಕ್ರ ಗುಂಡಿಯೊಳಗೆ ಬೀಳದೆ ದಾಟುತ್ತದೆ, ಅದು ನಿಜ, ಒಳ್ಳೆಯದೇ. ಆದರೆ ಸುತ್ತ ಇದ್ದದ್ದು ಕಬ್ಬಿಣದ ಪಟ್ಟೆ. ಒಂದು ಬೆರಳಿನಷ್ಟೂ ಗಾಳಿ ಇಲ್ಲ. ಅದಕ್ಕೇ ಬಸುರಿ ಹೆಂಗಸರನ್ನೋ ವಯಸ್ಸಾದವರನ್ನೋ ಕರೆದೊಯ್ಯುವಾಗ ಗಾಡಿಯಲ್ಲಿ ದಪ್ಪಕ್ಕೆ ಹುಲ್ಲು ಹಾಸುತ್ತಿದ್ದರು. ಆ ಹುಲ್ಲೇ ಅವತ್ತಿನ ಸ್ಪ್ರಿಂಗ್. ಆಮೇಲೆ ಟೈರಿನ ಗಾಡಿ ಬಂತು, ಚಕ್ರ ಗಿಡ್ಡವಾಯಿತು, ಆದರೂ ಕೂತವರ ಸೊಂಟ ಉಳಿಯಿತು, ಎತ್ತಿನ ಹೆಗಲೂ ಉಳಿಯಿತು. 1888ರಲ್ಲಿ ಬೆಲ್‌ಫಾಸ್ಟ್ ಊರಿನ ದನದ ಡಾಕ್ಟರು ಜಾನ್ ಬಾಯ್ಡ್ ಡನ್‌ಲಪ್ ಗಾಳಿ ಟೈರಿಗೆ ಪೇಟೆಂಟ್ ಪಡೆದದ್ದೂ ಇದೇ ಕಾರಣಕ್ಕೆ. ಒರಟು ಬೀದಿಯಲ್ಲಿ ಮಗ ಮೂರು ಗಾಲಿಯ ಸೈಕಲ್ ತುಳಿಯುವಾಗ ಮೈ ಕುಲುಕಬಾರದು ಅಂತ. ನೂರಮೂವತ್ತಕ್ಕೂ ಹೆಚ್ಚು ವರ್ಷದ ಹಿಂದೆ ನಮಗೆ ಸಿಕ್ಕ ಗಾಳಿಯನ್ನು ಈಗ ನಾವೇ ದುಡ್ಡು ಕೊಟ್ಟು ತೆಗೆಸುತ್ತಿದ್ದೇವಲ್ಲ, ಅದೇ ನನ್ನ ಸಂಕಟ.

ಕಥೆಗೆ ವಾಪಸ್ ಬರುತ್ತೇನೆ. 18 ಇಂಚಿನ ರಿಮ್ಮು, 70ರ ಟೈರು ತರಿಸಿದೆವು. ಹಾಕುವ ಮುಂಚೆ ಅವನ ಗ್ಯಾರೇಜಿನಲ್ಲಿ ಬಾತ್‌ರೂಮಿನ ತೂಕದ ಯಂತ್ರ ತಂದಿಟ್ಟು ಹಳೇ ಚಕ್ರ, ಹೊಸ ಚಕ್ರ ಎರಡನ್ನೂ ತೂಗಿದೆವು. ಹಳೆಯದು ಐದು ಕೆ.ಜಿ.ಗೂ ಹೆಚ್ಚು ಭಾರ. ಒಂದು ಚಕ್ರಕ್ಕೆ! ಈ ತೂಕ ಸ್ಪ್ರಿಂಗಿನ ಕೆಳಗಿರುವ ತೂಕ, ಗಾಡಿಯೊಳಗೆ ಐದು ಕೆ.ಜಿ. ಅಕ್ಕಿ ಚೀಲ ಇಟ್ಟ ಹಾಗಲ್ಲ. ಗದ್ದೆ ಕೆಸರು ಮೆತ್ತಿಕೊಂಡ ಗಂಬೂಟು ಹಾಕಿಕೊಂಡು ಓಡಿ ನೋಡಿದ್ದೀರಾ? ಕಾಲು ಎತ್ತುವುದೂ ಕಷ್ಟ, ಎತ್ತಿದ್ದನ್ನು ತಡೆಯುವುದೂ ಕಷ್ಟ. ಭಾರದ ಚಕ್ರವೂ ಹಾಗೇ. ಗುಂಡಿಯ ಅಂಚಿಗೆ ತಗುಲಿ ಮೇಲಕ್ಕೆ ಚಿಮ್ಮಿದರೆ ಶಾಕ್ ಅಬ್ಸಾರ್ಬರ್ ಅದನ್ನು ಹಿಡಿದು ನಿಲ್ಲಿಸಲು ಒದ್ದಾಡುತ್ತದೆ. ಆ ನಡುಕ ಸೀಟಿನವರೆಗೂ ಬರುತ್ತದೆ. ಕೂತ ಮನುಷ್ಯನ ಮೈಗೆ ಸೆಕೆಂಡಿಗೆ 4ರಿಂದ 8 ಸಲದ ಕುಲುಕಾಟ ಎಲ್ಲಕ್ಕಿಂತ ಹಿಂಸೆ. ಚಕ್ರದ ಒದ್ದಾಟ ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15 ಸಲ ಇರುತ್ತದೆ. ಚಕ್ರ ಭಾರವಾದಷ್ಟೂ ಅದು ಕೆಳಕ್ಕೆ, ನಮ್ಮ ಮೈ ಸಹಿಸದ ಕಡೆಗೆ ಜಾರುತ್ತದೆ.

ಹೊಸ ಚಕ್ರ ಹಾಕಿದ ಮುಂದಿನ ವಾರ ಅದೇ ರಸ್ತೆ, ಅದೇ ದೇವಸ್ಥಾನ. ನಾನು ಮತ್ತೆ ಹಿಂದಿನ ಸೀಟಿನಲ್ಲಿ ಕೂತೆ, ಲೋಟ ಇಟ್ಟೆ. ಕಾಂಕ್ರೀಟ್ ಸಂದು ಬಂತು. ಶಬ್ದ ಕೇಳಿಸಿತು, ಆದರೆ ಮೆತ್ತಗೆ. ಲೋಟದಿಂದ ಒಂದು ಹನಿ ಆಚೆ ಬರಲಿಲ್ಲ. ಹೇಗಿದೆ ಅಮ್ಮಾ ಅಂತ ಕೇಳೋಣ ಎಂದು ಪಕ್ಕಕ್ಕೆ ತಿರುಗಿದರೆ ಅವರು ಪುಳಿಯೋಗರೆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತಲೆ ಕಿಟಕಿಗೆ ಒರಗಿಸಿ ನಿದ್ದೆ ಹೋಗಿದ್ದರು.

ಕಥೆ ಉದ್ದವಾಯಿತು, ಸಮಯ ಕಡಿಮೆ ಉಳಿದಿದೆ. ಬೇಗ ಬೇಗ ಹೇಳುತ್ತೇನೆ.

ಕಂಪನಿಗಳು ಯಾಕೆ ದೊಡ್ಡ ರಿಮ್ ಹಾಕುತ್ತವೆ? ಚೆಂದ ಕಾಣಲು. ಈ ಟ್ರಕ್‌ಗಳ ಮೈ ಅಷ್ಟು ಎತ್ತರ, ಸಣ್ಣ ರಿಮ್ ಹಾಕಿದರೆ ಆನೆಗೆ ಮೇಕೆ ಕಾಲು ಇಟ್ಟ ಹಾಗೆ ಕಾಣುತ್ತದೆ ಅನ್ನುವುದು ಡಿಸೈನ್ ಮಾಡುವವರ ವಾದ. ತೊಂಬತ್ತರ ದಶಕದಲ್ಲಿ ಎಫ್-150ಗೆ 235/75 R15 ಟೈರು ಬರುತ್ತಿತ್ತು, 15 ಇಂಚಿನ ರಿಮ್ಮು, 176 ಮಿಲಿಮೀಟರ್ ಪಕ್ಕೆ. ಈಗ ಎಲೆಕ್ಟ್ರಿಕ್ ಸಿಯೆರಾ ಡೆನಾಲಿಗೆ 24 ಇಂಚಿನ ರಿಮ್ ಬಂದಿದೆ. ಸ್ಟೀರಿಂಗ್ ಸ್ವಲ್ಪ ಚುರುಕಾಗುತ್ತದೆ ಅನ್ನುತ್ತಾರೆ. ಆಗಬಹುದು. ಮಕ್ಕಳನ್ನು ಶಾಲೆಗೆ ಬಿಡಲು ಹೋಗುವವರಿಗೆ ಆ ಚುರುಕು ಯಾತಕ್ಕೆ?

ಒಂದು ವಿಷಯ ಯೋಚಿಸಿ. ಫೋರ್ಡ್‌ನವರದೇ ರ‍್ಯಾಪ್ಟರ್ ಇದೆ, ಮರಳುಗಾಡಿನಲ್ಲಿ ವೇಗವಾಗಿ ಹಾರಿಸಲೆಂದೇ ಮಾಡಿದ ಪಿಕಪ್, ಬೆಲೆಯೂ ಭಾರಿ. ಅದರ ರಿಮ್ ಎಷ್ಟು? 17 ಇಂಚು! ಸುತ್ತ 35 ಅಥವಾ 37 ಇಂಚು ಎತ್ತರದ ಟೈರು. ರಿಮ್ಮಿಗೂ ನೆಲಕ್ಕೂ ನಡುವೆ ಪೂರ್ತಿ ಒಂದು ಗೇಣು. ನೆಲದ ಏಟು ನಿಜವಾಗಿ ತಿನ್ನಬೇಕಾದ ಗಾಡಿಗೆ ಎಂಜಿನಿಯರುಗಳು ಗಾಳಿ ತುಂಬಿದರು, ಲೋಹ ತುಂಬಲಿಲ್ಲ. ಗಾಳಿಯೇ ಮೊದಲ ಸ್ಪ್ರಿಂಗ್ ಅಂತ ಅವರಿಗೆ ಗೊತ್ತು.

ಪಿಕಪ್‌ಗೆ ಇದು ಕಾರಿಗಿಂತ ಹೆಚ್ಚು ಅನ್ವಯಿಸುತ್ತದೆ. ಹಿಂದೆ ಮುಕ್ಕಾಲು ಟನ್ ಹೇರಿದರೂ ತಡೆಯಲಿ ಅಂತ ಹಿಂಭಾಗದ ಸ್ಪ್ರಿಂಗ್ ಗಟ್ಟಿ ಇಟ್ಟಿರುತ್ತಾರೆ, ಬಹಳ ಗಾಡಿಗಳಲ್ಲಿ ಈಗಲೂ ಲಾರಿಯಂತೆ ಕಮಾನು ಪಟ್ಟಿಯೇ. ನಾವು ಹೇರುವುದು ಕಾಸ್ಟ್‌ಕೋ ಅಂಗಡಿಯಿಂದ ತಂದ ಎರಡು ಮೂಟೆ ಅಕ್ಕಿ. ಖಾಲಿ ಗಾಡಿಯ ಗಟ್ಟಿ ಸ್ಪ್ರಿಂಗ್ ಅಲ್ಲಾಡುವುದೇ ಇಲ್ಲ, ಆಗ ಮೆತ್ತಗಿರುವುದು ಟೈರಿನ ಗಾಳಿ ಒಂದೇ.

ಗುಂಡಿಗೆ ಬಿದ್ದಾಗಿನ ಖರ್ಚೂ ಇದೆ. ಪಕ್ಕೆ ಗಿಡ್ಡ ಇದ್ದರೆ ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ರಬ್ಬರು ನಜ್ಜಿ, ಒಳಗಿನ ದಾರ ಹರಿದು, ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಂಥ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಟೈರಿನಲ್ಲಿ ಒಂದು ಮೈಲಿಯೂ ಓಡಿಸಬೇಡಿ.

ಬದಲಾಯಿಸುವವರು ಎರಡು ನೋಡಿ. ಹೊಸ ರಿಮ್ಮು ಬ್ರೇಕಿಗೆ ತಾಗಬಾರದು. ಹೊಸ ಟೈರಿನ ಭಾರ ಹೊರುವ ಅಂಕಿ ಹಳೆಯದಕ್ಕಿಂತ ಕಡಿಮೆ ಇರಬಾರದು. ಹಾಗೆಂದು ಹತ್ತು ಪ್ಲೈ ಅನ್ನುವ ಲಾರಿ ದರ್ಜೆಯ ಟೈರು ಹಾಕಿಸಿಕೊಂಡು ಬರಬೇಡಿ, ಅದರ ಪಕ್ಕೆ ಹಲಗೆಯಂತೆ ಬಿಗಿ, ಮಾಡಿದ್ದೆಲ್ಲ ನೀರುಪಾಲು. ಗಾಳಿಯ ಒತ್ತಡ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟೇ ಹಾಕಿಸಿ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಿದರೆ ಕಲ್ಲಿನ ಮೇಲೆ ಕೂತ ಹಾಗಾಗುತ್ತದೆ. ಚಳಿಗೆ ಉಷ್ಣಾಂಶ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಒತ್ತಡ ಹೆಚ್ಚುಕಡಿಮೆ 1 ಪಿಎಸ್‌ಐ ಇಳಿಯುತ್ತದೆ, ನವೆಂಬರ್‌ನಲ್ಲಿ ಒಮ್ಮೆ ನೋಡಿಸಿ.

ಊರಿನಲ್ಲಿ ಕೂತು ಕೇಳುತ್ತಿರುವವರಿಗೂ ಒಂದು ಮಾತು. ಅಲ್ಲಿ ಸಿಗುವ ಟೊಯೊಟಾ ಹೈಲಕ್ಸ್‌ಗೆ 265/60 R18, ಇಸುಜು ವಿ-ಕ್ರಾಸ್‌ಗೆ 255/60 R18. ಎರಡಕ್ಕೂ ಪಕ್ಕೆ 150 ಮಿಲಿಮೀಟರಿಗಿಂತ ಮೇಲಿದೆ. ಅಂಗಡಿಯವರು 20 ಇಂಚಿನ ರಿಮ್ ತೋರಿಸಿದರೆ ಚೆನ್ನಾಗಿದೆ ಎಂದು ಹೇಳಿ ಎದ್ದು ಬನ್ನಿ.

ಹೊಸ ಗಾಡಿ ನೋಡಲು ಹೋಗುವವರು ದಯವಿಟ್ಟು ಓಡಿಸಿ ನೋಡುವಾಗ ಹಿಂದಿನ ಸೀಟಿನಲ್ಲೂ ಕೂರಿ. ಅವರು ತೋರಿಸುವ ನುಣ್ಣನೆ ರಸ್ತೆ ಬಿಟ್ಟು ರೈಲ್ವೆ ಹಳಿ ಇರುವ ರಸ್ತೆ ಕೇಳಿ. ಮಾತಾಡುವ ಮುಂಚೆ ಟೈರಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ರಿಮ್ಮಿನ ಅಂಚಿನಿಂದ ನೆಲದ ಕಡೆಗೆ ಗೇಣು ಹಾಕಿ. ಗೇಣಿನ ಹತ್ತಿರ ಬಂದರೆ ಬೆಲೆ ಕೇಳಿ. ಅರ್ಧ ಗೇಣಿಗೇ ನಿಂತರೆ, ಇದೇ ಗಾಡಿಗೆ 18 ಇಂಚಿನ ಚಕ್ರ ಹಾಕಿ ಕೊಡುತ್ತೀರಾ ಅಂತ ಕೇಳಿ.

ನಮಸ್ಕಾರ.