ಹಿಂದೆ ಟ್ರೈಲರ್ ಕಟ್ಟಿದರೆ ಗಾಡಿ ಎಷ್ಟು ಕೊಡುತ್ತೆ?

ಎಲ್ಲರಿಗೂ ನಮಸ್ಕಾರ.

ಈಗ ನೀವು ನೋಡುತ್ತಿರುವುದು ಯೂಟಾ ರಾಜ್ಯದ ಗ್ರೀನ್ ರಿವರ್ ಅನ್ನೋ ಚಿಕ್ಕ ಊರು. ಹೋದ ವರ್ಷ ಅಕ್ಟೋಬರ್‌ನಲ್ಲಿ ತೆಗೆದದ್ದು. ಮುಂದೆ ನಮ್ಮ ಡೀಸೆಲ್ ಪಿಕಪ್. ಹಿಂದೆ 27 ಅಡಿ ಉದ್ದದ ಟ್ರೈಲರ್ ಮನೆ. ಡ್ಯಾಶ್‌ಬೋರ್ಡ್ ನೋಡಿ. ಟ್ಯಾಂಕ್ ಅರ್ಧ ಇದೆ. ಇನ್ನೂ 210 ಮೈಲಿ ಓಡಬಹುದು ಅಂತ ಸ್ಕ್ರೀನ್ ಹೇಳುತ್ತಿದೆ.

ಇಲ್ಲಿಂದ ಐ-70 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ ಮುಂದಿನ ಪಂಪು ಸಿಗುವುದು ಸಲೈನಾದಲ್ಲಿ. ನಡುವೆ 100 ಮೈಲಿಗಿಂತ ಜಾಸ್ತಿ ದೂರ ಪಂಪಿಲ್ಲ, ಹೋಟೆಲ್ಲಿಲ್ಲ, ಊರೂ ಇಲ್ಲ. ಅಮೆರಿಕದ ಇಂಟರ್‌ಸ್ಟೇಟ್ ಹೆದ್ದಾರಿಗಳಲ್ಲೇ ಏನೂ ಸಿಗದ ಅತಿ ಉದ್ದದ ದಾರಿ ಇದು. ರಸ್ತೆ ಬದಿಯಲ್ಲಿ ಬೋರ್ಡ್ ಹಾಕಿ ಎಚ್ಚರಿಸಿದ್ದಾರೆ. ನಾನು ಬೋರ್ಡ್ ಓದಿದೆ, ಸ್ಕ್ರೀನ್ ನೋಡಿದೆ. ನಮ್ಮ ದಾರಿ 108 ಮೈಲಿ. 210 ಇದೆಯಲ್ಲ, ಧಾರಾಳವಾಯಿತು ಅಂದುಕೊಂಡೆ. ಪಂಪಿನ ಮುಂದೆ ಗಾಡಿಗಳ ಸಾಲಿತ್ತು. ಹೊರಟುಬಿಟ್ಟೆ.

20 ಮೈಲಿ ಓಡುವಷ್ಟರಲ್ಲಿ ಸ್ಕ್ರೀನ್‌ನಲ್ಲಿ 45 ಕಡಿಮೆಯಾಗಿತ್ತು. ಆಮೇಲೆ ಸ್ಯಾನ್ ರಫೇಲ್ ಸ್ವೆಲ್‌ನ ಬಂಡೆಗಳ ನಡುವೆ ಏರು ಶುರುವಾಯಿತು. ಎದುರಿನಿಂದ ಗಾಳಿ ಬೇರೆ. ಹಿಂದಿನ ಸೀಟಿನಲ್ಲಿ ಮಗಳು ಬೆಟ್ಟದ ಬಣ್ಣ ನೋಡಿ ಕೂಗುತ್ತಿದ್ದಳು. ನನ್ನ ಕಣ್ಣು ಡೀಸೆಲ್ ಮುಳ್ಳಿನ ಮೇಲೇ ಇತ್ತು. ಸಲೈನಾ ತಲುಪಿದಾಗ ಹಳದಿ ದೀಪ ಹತ್ತಿ ಬಹಳ ಹೊತ್ತಾಗಿತ್ತು.

ಡೀಸೆಲ್ ಗಾಡಿಯ ಟ್ಯಾಂಕ್ ಪೂರ್ತಿ ಖಾಲಿ ಮಾಡಬಾರದು. ಪೈಪಿನಲ್ಲಿ ಏರ್ ಹಿಡಿಯುತ್ತದೆ. ಇಂಜಿನ್‌ನ ಹೈ ಪ್ರೆಶರ್ ಪಂಪಿಗೆ ಜಾರಿಕೆ ಕೊಡುವುದೂ ಅದೇ ಡೀಸೆಲ್. ಅದು ಒಣಗಿ ತಿರುಗಿದರೆ ರಿಪೇರಿ ಸಾವಿರಾರು ಡಾಲರ್. ಲಾರಿ ಓಡಿಸುವವರ ಮನೆಯಲ್ಲಿ ಹುಟ್ಟಿದವಳು ನಾನು. ಇದು ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಆವತ್ತು ಅಷ್ಟು ಭಯ ಆಯಿತು.

ರಾತ್ರಿ ಯಜಮಾನರೂ ನಾನೂ ಕೂತು ಲೆಕ್ಕ ಹಾಕಿದೆವು. ಗ್ರೀನ್ ರಿವರ್‌ನಲ್ಲಿ ಟ್ಯಾಂಕ್‌ನಲ್ಲಿ ಇದ್ದದ್ದು ಸುಮಾರು 15 ಗ್ಯಾಲನ್. ಖರ್ಚಾದದ್ದು 13.7. ಅಂದರೆ ಗ್ಯಾಲನ್‌ಗೆ 7.9 ಮೈಲಿ. ನಮ್ಮೂರ ಲೆಕ್ಕದಲ್ಲಿ ಲೀಟರ್‌ಗೆ 3.4 ಕಿಲೋಮೀಟರ್. ಹಾಗಾದರೆ 210 ಎಲ್ಲಿಂದ ಬಂತು? ಅದಕ್ಕೂ ಮುಂಚೆ ಮೂರು ದಿನ ಮೋಆಬ್‌ನಲ್ಲಿದ್ದೆವು. ಟ್ರೈಲರ್ ಬಿಚ್ಚಿಟ್ಟು ಖಾಲಿ ಗಾಡಿಯಲ್ಲಿ ಸುತ್ತಾಡಿದ್ದೆವು. ಸ್ಕ್ರೀನ್ ಆ ಮೂರು ದಿನದ ಸರಾಸರಿಯನ್ನೇ ಹಿಡಿದುಕೊಂಡು ಮುಂದಿನ ದಾರಿ ಲೆಕ್ಕ ಹಾಕಿತ್ತು. ಹಿಂದೆ ಮೂರು ಟನ್ ಬಂದು ಸೇರಿದ್ದು ಅದರ ಲೆಕ್ಕಕ್ಕೆ ಇನ್ನೂ ಪೂರ್ತಿ ಬಂದಿರಲಿಲ್ಲ.

ಅವತ್ತಿನಿಂದ ಈ ವಿಡಿಯೋ ಮಾಡಬೇಕು ಅಂತ ಮನಸ್ಸಿನಲ್ಲಿತ್ತು. ಇಲ್ಲಿಗೆ ಬಂದು ಟ್ರೈಲರ್ ಕೊಳ್ಳುವ ನಮ್ಮ ಜನ ಜಾಸ್ತಿ ಆಗುತ್ತಿದ್ದಾರೆ. ಕಾಮೆಂಟ್‌ನಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಅಪ್ಪಾಜಿ ಫೋನಿನಲ್ಲಿ ಕೇಳುವುದೂ ಅದೇ. "ಏನಮ್ಮಾ, ಎಷ್ಟು ಕೊಡುತ್ತೆ ಗಾಡಿ?"

ಇದು ನನ್ನ ಪುಸ್ತಕ. ಗಾಡಿಯ ಬಾಗಿಲ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಟ್ಯಾಂಕ್ ತುಂಬಿಸಿದಾಗಲೆಲ್ಲ ಮೈಲಿ, ಗ್ಯಾಲನ್, ಗಾಳಿ ಹೇಗಿತ್ತು, ಟ್ರೈಲರ್ ಇತ್ತಾ ಇಲ್ವಾ, ಎಲ್ಲ ಬರೆಯುತ್ತೇನೆ. ಇಲ್ಲಿಯವರೆಗೆ 41,000 ಮೈಲಿ. ಅದರಲ್ಲಿ 9,000 ಮೈಲಿ ಟ್ರೈಲರ್ ಎಳೆದದ್ದು. ಖಾಲಿ ಗಾಡಿಯ ಸರಾಸರಿ ಗ್ಯಾಲನ್‌ಗೆ 16.2 ಮೈಲಿ. ಹೆದ್ದಾರಿಯಲ್ಲಿ ಒಳ್ಳೆಯ ದಿನ 20 ಮುಟ್ಟಿದೆ. ಟ್ರೈಲರ್ ಇದ್ದರೆ 10.4. ಲೀಟರ್ ಲೆಕ್ಕದಲ್ಲಿ ಹೇಳಬೇಕಂದರೆ ಖಾಲಿ 6.9 ಕಿಲೋಮೀಟರ್, ಎಳೆಯುವಾಗ 4.4. ಎರಡನ್ನೂ ಕೂಡಿಸಿ 14.4 ಅಂತಲೂ ಹೇಳಬಹುದು. ಆದರೆ ಆ ಸಂಖ್ಯೆಯಿಂದ ಯಾರಿಗೂ ಉಪಯೋಗ ಇಲ್ಲ. ಯಾವ ದಿನವೂ ಗಾಡಿ 14.4 ಕೊಡುವುದಿಲ್ಲ.

ನಮ್ಮದು ಇಲ್ಲಿ ಮುಕ್ಕಾಲು ಟನ್ ಅಂತ ಕರೆಯುವ ಕ್ಲಾಸಿನ ಗಾಡಿ (ಅದು ಬರೀ ಹೆಸರು, ಎಳೆಯುವ ತೂಕ ಅಲ್ಲ), 6.7 ಲೀಟರ್ ಇಂಜಿನ್. ಯಾವ ಕಂಪನಿ ಅಂತ ಹೇಳುವುದಿಲ್ಲ. ರ‍್ಯಾಮ್‌ನ ಕಮಿನ್ಸ್ ಇರಲಿ, ಫೋರ್ಡ್‌ನ ಪವರ್ ಸ್ಟ್ರೋಕ್ ಇರಲಿ, ಜಿಎಂನ ಡ್ಯುರಾಮ್ಯಾಕ್ಸ್ ಇರಲಿ, ಟ್ರೈಲರ್ ಕಟ್ಟಿದ ಮೇಲೆ ಹೆಚ್ಚೂ ಕಡಿಮೆ ಒಂದೇ ಕಥೆ.

ಶೋರೂಮಿನಲ್ಲಿ ನಿಂತು ಇದನ್ನು ತಿಳಿದುಕೊಳ್ಳೋಣ ಅಂದರೆ ಆಗುವುದಿಲ್ಲ. ಇಲ್ಲಿ ಹೊಸ ಕಾರುಗಳ ಕಿಟಕಿಗೆ ಇಪಿಎ ಅನ್ನೋ ಸರ್ಕಾರಿ ಪರಿಸರ ಸಂಸ್ಥೆಯ ಮೈಲೇಜ್ ಸ್ಟಿಕ್ಕರ್ ಅಂಟಿಸಿರುತ್ತಾರೆ. ಲೋಡ್ ಸೇರಿ 8,500 ಪೌಂಡ್‌ಗಿಂತ ಜಾಸ್ತಿ ತೂಗಬಲ್ಲ ಪಿಕಪ್‌ಗಳಿಗೆ ಆ ಸ್ಟಿಕ್ಕರ್ ಬೇಕಿಲ್ಲ. ಈ ಡೀಸೆಲ್ ಗಾಡಿಗಳೆಲ್ಲ ಆ ಗುಂಪಿನವು. ಎಷ್ಟು ಎಳೆಯುತ್ತದೆ ಅನ್ನುವುದಕ್ಕೆ ಮಾತ್ರ ಜೆ2807 ಅಂತ ಒಂದು ಒಳ್ಳೆಯ ಪರೀಕ್ಷೆ ಇದೆ. ಅರಿಜೋನಾದ ಡೇವಿಸ್ ಡ್ಯಾಮ್ ಏರಿನಲ್ಲಿ ಏಸಿ ಹಾಕಿಕೊಂಡು, ಪೂರ್ತಿ ಲೋಡ್ ಎಳೆದು, ವೇಗ ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. ಅಲ್ಲಿ ಡೀಸೆಲ್ ಎಷ್ಟು ಕುಡಿಯಿತು ಅಂತ ಮಾತ್ರ ಆ ಪರೀಕ್ಷೆ ಕೇಳುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎಲ್ಲರೂ ತೂಕ ಕೇಳುತ್ತಾರೆ. "ನಿಮ್ಮ ಟ್ರೈಲರ್ ಎಷ್ಟು ಭಾರ?" ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಹೋದ ಬೇಸಿಗೆಯಲ್ಲಿ ಹಿತ್ತಲಿಗೆ ಚಪ್ಪಡಿ ಕಲ್ಲು ಹಾಕಿಸಿದೆವು. ಗೆಳೆಯರೊಬ್ಬರ ತಟ್ಟೆ ಟ್ರೈಲರ್ ತಂದು ಕಲ್ಲು ಹೇರಿದೆವು. ಒಟ್ಟು 6,800 ಪೌಂಡ್. ಹೆದ್ದಾರಿಯಲ್ಲಿ ಗಂಟೆಗೆ 65 ಮೈಲಿ ವೇಗದಲ್ಲಿ ಓಡಿಸಿದೆ. ಗ್ಯಾಲನ್‌ಗೆ 13 ಮೈಲಿ ಕೊಟ್ಟಿತು. ನಮ್ಮ ಟ್ರೈಲರ್ ಮನೆ 7,200 ಪೌಂಡ್. ತೂಕದಲ್ಲಿ ಅಂಥ ವ್ಯತ್ಯಾಸ ಇಲ್ಲ, ಅಲ್ವಾ? ಆದರೆ ಇದು ಕೊಡುವುದು 10.4.

ಕಾರಣ ಇದು. ಟ್ರೈಲರ್‌ನ ಮುಂಭಾಗ ತೋರಿಸುತ್ತೇನೆ. 8 ಅಡಿ ಅಗಲ, ನೆಲದಿಂದ ಏಸಿಯ ತಲೆವರೆಗೆ 11 ಅಡಿ. ಒಂದು ಕೋಣೆಯ ಗೋಡೆಯನ್ನೇ ಎಬ್ಬಿಸಿಕೊಂಡು ಗಾಳಿಯ ಎದುರು ಎಳೆದ ಹಾಗೆ. ಕಲ್ಲಾದರೆ ನಮ್ಮ ಗಾಡಿಯ ಬೆನ್ನ ಹಿಂದೆ ಅಡಗಿ ಕೂತಿತ್ತು. ಸಮತಟ್ಟು ದಾರಿಯಲ್ಲಿ ಡೀಸೆಲ್ ತಿನ್ನುವುದು ಗಾಳಿ. ತೂಕದ ಪಾಲು ಅದಕ್ಕಿಂತ ಕಡಿಮೆ. ಏರ್‌ಸ್ಟ್ರೀಮ್ ಟ್ರೈಲರ್‌ಗಳನ್ನು ದುಂಡಗೆ, ಮೊಟ್ಟೆಯ ಹಾಗೆ ಮಾಡಿದ್ದು ಬರೀ ಅಂದಕ್ಕಲ್ಲ.

ಗಾಳಿಯ ತಡೆ ವೇಗದ ವರ್ಗದ ಹಾಗೆ ಏರುತ್ತದೆ. 62ರಿಂದ 72ಕ್ಕೆ ಹೋದರೆ ವೇಗ ಜಾಸ್ತಿಯಾದದ್ದು ಆರರಲ್ಲಿ ಒಂದು ಪಾಲು. ತಡೆ ಜಾಸ್ತಿಯಾದದ್ದು ಮೂರರಲ್ಲಿ ಒಂದು ಪಾಲು. ಇದನ್ನು ಪುಸ್ತಕದಲ್ಲಿ ಓದಿದರೆ ಸಾಕಾಗಲಿಲ್ಲ. ಓಡಿಸಿ ನೋಡಬೇಕು ಅನ್ನಿಸಿತು.

ನಾವಿರುವುದು ಡೆನ್ವರ್ ಹತ್ತಿರ. ಅಲ್ಲಿಂದ ಪೂರ್ವಕ್ಕೆ ಕಾನ್ಸಸ್‌ನ ಗುಡ್‌ಲ್ಯಾಂಡ್‌ವರೆಗೆ ನಮ್ಮ ಮನೆಯಿಂದ 190 ಮೈಲಿ. ಗುಡ್ಡ ಇಲ್ಲ, ತಿರುವಿಲ್ಲ, ಗಾಳಿ ಮಾತ್ರ ಬೇಕಾದಷ್ಟು. ಮೊದಲ ಸಲ 72ರಲ್ಲಿ ಹೋದೆ. ದಕ್ಷಿಣದಿಂದ ಅಡ್ಡಗಾಳಿ ಬೀಸುತ್ತಿತ್ತು. 8.6 ಬಂತು. ಎರಡನೇ ಸಲ 62ರಲ್ಲಿ ಹೋದೆ. 11.4 ಬಂತು. ಖುಷಿಯಾಯಿತು. ಆದರೆ ಆ ದಿನ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಹಾಗಾಗಿ ಆ ಲೆಕ್ಕವನ್ನು ನಿಮ್ಮ ಮುಂದಿಡಲು ಮನಸ್ಸು ಒಪ್ಪಲಿಲ್ಲ. ಮತ್ತೆ ಅಂಥದ್ದೇ ಅಡ್ಡಗಾಳಿಯ ದಿನಕ್ಕೆ ಕಾದೆ. ಹೋದ ವಾರ ಸಿಕ್ಕಿತು. ಅದೇ ಟ್ರೈಲರ್, ಅದೇ 62. ಈ ಸಲ 10.3.

ಅಂದರೆ ಗಾಳಿ ತೆಗೆದುಕೊಂಡದ್ದು 1.1 ಮೈಲಿ. ಆಕ್ಸಿಲರೇಟರ್ ಮೇಲಿನ ನನ್ನ ಕಾಲು ತೆಗೆದುಕೊಂಡದ್ದು 1.7. 190 ಮೈಲಿಗೆ 3.7 ಗ್ಯಾಲನ್ ವ್ಯತ್ಯಾಸ, ಅಂದರೆ 14 ಲೀಟರ್. ಸಮಯದಲ್ಲಿ ಎಷ್ಟು ಕಳೆದುಕೊಂಡೆ ಗೊತ್ತಾ? 26 ನಿಮಿಷ. ಆ ರಸ್ತೆಯಲ್ಲಿ ಮಿತಿ 75. ಎಲ್ಲರೂ ನಮ್ಮನ್ನು ದಾಟಿ ಹೋಗುತ್ತಾರೆ. ಹೋಗಲಿ. ಬಲಗಡೆ ಲೇನ್ ಹಿಡಿದು ಆರಾಮಾಗಿ ಹೋಗುತ್ತೇನೆ. ಇನ್ನೊಂದು ಮಾತು. ಟ್ರೈಲರ್‌ಗೆ ಹಾಕುವ ಎಷ್ಟೋ ಟೈರ್‌ಗಳು 65ರ ವೇಗಕ್ಕೆ ಮಾತ್ರ ಮಾಡಿದವು. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೈಲರ್ ಎಳೆಯುವವರಿಗೆ ಕಾನೂನಿನ ಮಿತಿಯೇ 55.

ಅಪ್ಪಾಜಿಗೆ ಫೋನ್ ಮಾಡಿ 4.4 ಕೊಡುತ್ತದೆ ಅಂದಾಗ ಅವರು ಒಂದು ಕ್ಷಣ ಸುಮ್ಮನಾದರು. ಆಮೇಲೆ, "ನಮ್ ಲಾರಿ ಹತ್ತು ಟನ್ ಈರುಳ್ಳಿ ಹೊತ್ಕೊಂಡು ನಾಲ್ಕು ಕೊಡ್ತಿತ್ತಲ್ಲಮ್ಮಾ" ಅಂದರು. ನಿಜ. ಹಿರಿಯೂರಿನಿಂದ ಮಂಗಳೂರಿಗೆ, ಶಿರಾಡಿ ಘಾಟ್ ಇಳಿದು ಹತ್ತಿ, ನಾಲ್ಕು. ನಮ್ಮದು ಗಾಡಿ, ಟ್ರೈಲರ್ ಎಲ್ಲ ಸೇರಿ 6.7 ಟನ್. ಇಂಜಿನ್ ಇವತ್ತಿನದು, ಎಷ್ಟೋ ಸುಧಾರಿಸಿದ್ದು. ಆದರೂ ಅಷ್ಟೇ. "ಎಷ್ಟರಲ್ಲಿ ಓಡಿಸ್ತಿದ್ರಿ ಅಪ್ಪಾಜಿ?" ಅಂತ ಕೇಳಿದೆ. ನಲವತ್ತು, ನಲವತ್ತೈದು ಕಿಲೋಮೀಟರ್ ಅಂದರು. ನಾನು ಓಡಿಸುವುದು ನೂರರಲ್ಲಿ. ಉತ್ತರ ಅಲ್ಲೇ ಇತ್ತು.

ಬೆಟ್ಟದ ವಿಷಯ ಬೇರೆ. ಇದು ಐ-70ರ ಐಸೆನ್‌ಹೋವರ್ ಸುರಂಗದ ಏರು. ಸಿಲ್ವರ್‌ಥಾರ್ನ್ ಸುಮಾರು 9,000 ಅಡಿಯಲ್ಲಿದೆ. ಸುರಂಗದ ಬಾಯಿ 11,158 ಅಡಿ. 8 ಮೈಲಿ ಏರು, ಕೆಲವು ಕಡೆ ಶೇಕಡಾ 7 ಕಡಿದು. ಇಲ್ಲಿ ತೂಕದ್ದೇ ಆಟ. ನಾನು ಲೆಕ್ಕ ಹಾಕಿದೆ. ನಮ್ಮ 6.7 ಟನ್ನನ್ನು ಅಷ್ಟು ಎತ್ತರಕ್ಕೆ ಎತ್ತುವ ಕೆಲಸಕ್ಕೇ ಸುಮಾರು 3 ಲೀಟರ್ ಡೀಸೆಲ್ ಬೇಕು. ಗಾಳಿ, ಟೈರು, ಉಳಿದ ಖರ್ಚು ಬೇರೆ. ಹತ್ತುವಾಗ ಸ್ಕ್ರೀನ್‌ನಲ್ಲಿ 4, 5 ಅಂತ ಕಾಣುತ್ತದೆ. ಹೆದರಬೇಡಿ. ಇಳಿಯುವಾಗ ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ತಡೆದು ಇಂಜಿನ್‌ನಿಂದಲೇ ವೇಗ ತಗ್ಗಿಸುವುದು) ಹಿಡಿದುಕೊಳ್ಳುತ್ತದೆ, ಇಂಜಿನ್‌ಗೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ಇಡೀ ದಾರಿ, ವೇಲ್ ಪಾಸ್ ಸೇರಿ, ಗ್ರ್ಯಾಂಡ್ ಜಂಕ್ಷನ್‌ವರೆಗೆ 245 ಮೈಲಿಗೆ ನನಗೆ ಬಂದದ್ದು 10.9.

ಗಾಳಿ ಬೀಸುವ ಸಮತಟ್ಟು ಕಾನ್ಸಸ್‌ಗಿಂತ ಜಾಸ್ತಿ! ಬೆಟ್ಟದಲ್ಲಿ ಎಲ್ಲರೂ ನಿಧಾನ ಹೋಗುತ್ತಾರೆ. ಜೊತೆಗೆ 10,000 ಅಡಿಯಲ್ಲಿ ಗಾಳಿಯೇ ಕಾಲು ಭಾಗ ತೆಳ್ಳಗಿರುತ್ತದೆ, ಹಾಗಾಗಿ ತಡೆಯೂ ಕಡಿಮೆ. ಟರ್ಬೊ ಇರುವುದರಿಂದ ಇಂಜಿನ್‌ಗೆ ಆ ತೆಳು ಗಾಳಿಯ ಕಷ್ಟ ಅಷ್ಟಾಗಿ ಗೊತ್ತಾಗುವುದಿಲ್ಲ.

"ಹಾಗಾದರೆ ಡೀಸೆಲ್ಲೇ ತಗೊಳ್ಳೋಣ್ವಾ?" ಇದನ್ನು ಬಹಳ ಜನ ಕೇಳಿದ್ದೀರಿ. ಗೆಳೆಯರ ಪೆಟ್ರೋಲ್ ಗಾಡಿ ಇದೇ ತೂಕದ ಟ್ರೈಲರ್‌ಗೆ 8ರ ಆಸುಪಾಸು ಕೊಡುತ್ತದೆ. 9,000 ಮೈಲಿಗೆ ಅವರಿಗೆ 1,125 ಗ್ಯಾಲನ್, ನನಗೆ 865. ನೋಡಲು ದೊಡ್ಡ ಉಳಿತಾಯ. ಆದರೆ ನಾವು ತುಂಬಿಸಿದ ದರ ಪೆಟ್ರೋಲ್‌ಗೆ 3.30 ಡಾಲರ್, ಡೀಸೆಲ್‌ಗೆ 4 ಡಾಲರ್. ಹಾಗಾಗಿ 9,000 ಮೈಲಿಗೆ ಉಳಿದದ್ದು 250 ಡಾಲರ್ ಹತ್ತಿರ ಅಷ್ಟೇ. ಡೀಸೆಲ್ ಇಂಜಿನ್‌ಗೆ ಮೊದಲೇ ಜಾಸ್ತಿ ಕೊಟ್ಟದ್ದು 10,000 ಡಾಲರ್ ಆಸುಪಾಸು. 2022ರ ಜೂನ್‌ನಲ್ಲಿ ಡೀಸೆಲ್ ದೇಶದ ಸರಾಸರಿ 5.80 ದಾಟಿತ್ತು, ಆಗಂತೂ ಕೇಳುವುದೇ ಬೇಡ. ಬರೀ ಮೈಲೇಜ್ ನೋಡಿ ಡೀಸೆಲ್ ತಗೋಬೇಡಿ. ನಾನು ತಗೊಂಡದ್ದು ಆ ಇಳಿಜಾರಿಗಾಗಿ. ಮಗಳು ಹಿಂದೆ ನಿದ್ದೆ ಮಾಡುತ್ತಿರುವಾಗ ಬ್ರೇಕ್ ಕಾಯಿಸದೆ ಸುರಂಗದಿಂದ ಕೆಳಗಿಳಿಯಬಹುದು. ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ ಅಂತ ಅಪ್ಪಾಜಿ ಹೇಳುತ್ತಿದ್ದರು. ಈ ಗಾಡಿ ಅದನ್ನು ತಾನೇ ಮಾಡುತ್ತದೆ.

ವರ್ಷಕ್ಕೆ ಎರಡು ಮೂರು ಸಲ ಮಾತ್ರ ಟ್ರೈಲರ್ ಎಳೆದು, ಉಳಿದ ದಿನ ಸ್ಕೂಲು, ಅಂಗಡಿ ಅಂತ ಓಡಾಡುವವರಾದರೆ ಇನ್ನೂ ಯೋಚನೆ ಮಾಡಿ. ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಟ್ರೈಲರ್ ಎಳೆಯುವಾಗ ಹೊಗೆ ಬಿಸಿಯಾಗಿದ್ದು ಮಸಿ ತಾನಾಗೇ ಸುಟ್ಟುಹೋಗುತ್ತದೆ. ಚಿಕ್ಕ ಓಡಾಟದಲ್ಲಿ ಸುಡುವುದಿಲ್ಲ. ಆಗ ಗಾಡಿ ಮಸಿ ಸುಡಲಿಕ್ಕೇ ಜಾಸ್ತಿ ಡೀಸೆಲ್ ಸುರಿದುಕೊಳ್ಳುತ್ತದೆ. ಈ ಪುಟ ನೋಡಿ, ಡಿಸೆಂಬರ್. ಟ್ರೈಲರ್ ಇಲ್ಲದೆಯೇ 12.

ಅಳೆಯುವುದು ಹೇಗೆ ಅಂದರೆ, ಸ್ಕ್ರೀನ್ ಬಿಡಿ. ಗ್ರ್ಯಾಂಡ್ ಜಂಕ್ಷನ್‌ನಲ್ಲಿ ನನ್ನ ಸ್ಕ್ರೀನ್ 11.8 ಅಂದಿತ್ತು, ಪುಸ್ತಕ 10.9. ಟ್ಯಾಂಕ್ ಫುಲ್ ಮಾಡಿ, ಓಡಿಸಿ, ಮತ್ತೆ ಫುಲ್ ಮಾಡಿ. ಡೀಸೆಲ್ ನೊರೆ ಏಳುತ್ತದೆ. ದೊಡ್ಡ ಲಾರಿಗಳ ಪಂಪಿನಲ್ಲಿ ಇನ್ನೂ ಜಾಸ್ತಿ. ಹಾಗಾಗಿ ನಿಧಾನಕ್ಕೆ ತುಂಬಿಸಿ, ಪ್ರತಿ ಸಲ ಮೊದಲ ಕ್ಲಿಕ್‌ಗೇ ನಿಲ್ಲಿಸಿ. ಒಂದು ಟ್ಯಾಂಕ್ ನಂಬಬೇಡಿ. ಐದಾರು ಟ್ಯಾಂಕ್ ಆದ ಮೇಲೆ ನಿಮ್ಮ ಸಂಖ್ಯೆ ನಿಮಗೆ ಸಿಗುತ್ತದೆ. ನಾನು ಈಗ ದಾರಿ ಲೆಕ್ಕ ಹಾಕುವುದು 8ರಲ್ಲಿ. ಟ್ಯಾಂಕ್ ಅರ್ಧಕ್ಕೆ ಬಂದರೆ ಸಾಲು ಎಷ್ಟೇ ಇರಲಿ, ನಿಲ್ಲಿಸುತ್ತೇನೆ.

ಇದು ಹೋದ ವಾರ, ಗುಡ್‌ಲ್ಯಾಂಡ್. ಹಿಂದೆ ಕಾಣುತ್ತಿದೆಯಲ್ಲ, 80 ಅಡಿ ಎತ್ತರದ ಈಸೆಲ್ (ಚಿತ್ರ ಇಡುವ ಸ್ಟ್ಯಾಂಡ್) ಮೇಲೆ ವ್ಯಾನ್ ಗೋನ ಸೂರ್ಯಕಾಂತಿ ಚಿತ್ರ. ಮಗಳು ಅದರ ಕೆಳಗೆ ಓಡಾಡುತ್ತಿದ್ದಾಳೆ. ನಾನು ಪುಸ್ತಕದ ಪುಟದ ಫೋಟೋ ತೆಗೆದು ಅಪ್ಪಾಜಿಗೆ ಕಳಿಸಿದೆ. ಅಡ್ಡಗಾಳಿ, 62, 18.4 ಗ್ಯಾಲನ್, 10.3. ಆಗ ನಮ್ಮೂರಿನಲ್ಲಿ ರಾತ್ರಿ ಹನ್ನೊಂದಾಗಿತ್ತು. ಆದರೂ ತಕ್ಷಣ ಫೋನ್ ಬಂತು.

"ಗಾಳಿ ಇತ್ತು ಅಂತೀಯ, ಸರಿ. ಟೈರಲ್ಲಿ ಗಾಳಿ ನೋಡಿದ್ಯೇನಮ್ಮಾ?"

ಎರಡು ವಾರದಿಂದ ನೋಡಿರಲಿಲ್ಲ. ಗೇಜ್ ತಗೊಂಡು ಸುತ್ತು ಬಂದೆ. ಟ್ರೈಲರ್‌ನ ಎಡಗಡೆ ಹಿಂದಿನ ಟೈರ್‌ನಲ್ಲಿ 80 ಇರಬೇಕಾದ ಕಡೆ 66 ಇತ್ತು. ಅಲ್ಲೇ ಕಂಪ್ರೆಸರ್ ಹಚ್ಚಿ ತುಂಬಿಸಿದೆ. ಪುಸ್ತಕದಲ್ಲಿ 10.3ರ ಪಕ್ಕ ಅದನ್ನೂ ಬರೆದೆ.