ನಂದಿ ಬೆಟ್ಟದ ತಿರುವಿನಲ್ಲಿ ಕೆಮ್ಮಿದ ಪದ್ಮಿನಿ

ನಮಸ್ಕಾರ, ಚಿಕ್ಕಬಳ್ಳಾಪುರದಿಂದ. ಇವತ್ತು ಸ್ವಲ್ಪ ಬೈಸಿಕೊಳ್ಳೋಣ ಅಂತಲೇ ಕೂತಿದ್ದೇನೆ. ಹಳೇ ಕಾರು ಸಾಕುವ ನಮ್ಮಂಥವರಿಗೆ ಒಂದು ಹುಚ್ಚಿದೆ. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬೊರೇಟರ್ ದೊಡ್ಡದು ಹಾಕಿದರೆ ಗಾಡಿ ಹಾರುತ್ತೆ ಅಂತ. ಹಾರಲ್ಲ ಸ್ವಾಮಿ, ಕೆಮ್ಮುತ್ತೆ.

ನಾನೂ ಹಾಕಿದವನೇ. ನನ್ನದು ಪ್ರೀಮಿಯರ್ ಪದ್ಮಿನಿ, 1089 ಸಿಸಿ. ಗುಜರಿಯಲ್ಲಿ ದೊಡ್ಡ ಎಂಜಿನ್ನಿನ ಕಾರ್ಬೊರೇಟರ್ ಸಿಕ್ಕಿತು. ಲೇತ್‌ನಲ್ಲಿ ಪ್ಲೇಟ್ ಮಾಡಿಸಿ ಕೂರಿಸಿಬಿಟ್ಟೆ. ಹೈವೇಯಲ್ಲಿ ಏನೂ ಗೊತ್ತಾಗಲಿಲ್ಲ. ನಂದಿ ಬೆಟ್ಟದ ತಿರುವಿನಲ್ಲಿ ಸೆಕೆಂಡ್ ಗೇರ್‌ಗೆ ತಂದು ಆಕ್ಸಿಲರೇಟರ್ ಒತ್ತಿದೆ ನೋಡಿ, ಎಂಜಿನ್‌ಗೆ ಉಸಿರು ಕಟ್ಟಿದ ಹಾಗಾಯಿತು. ಎರಡು ಸಲ ಜಗ್ಗಿ ನಿಂತೇಹೋಯಿತು. ಹಿಂದೆ ಸಾಲಾಗಿ ಹಾರ್ನ್. ಪಕ್ಕದಲ್ಲಿ ಕೂತಿದ್ದ ಭಾವ, ಪುಣ್ಯಾತ್ಮ, ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಹೀಗೇಕೆ? ಗುಲಾಬಿ ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತುತ್ತೀರಲ್ವಾ? ಜಾಗ ಕಿರಿದಾದರೆ ನೀರು ರಭಸವಾಗುತ್ತೆ. ಕಾರ್ಬೊರೇಟರ್ ಒಳಗಿನ ವೆಂಚುರಿಯೂ ಅಷ್ಟೇ, ಗಾಳಿಗೆ ಮಾಡಿದ ಇಕ್ಕಟ್ಟು. ಅಲ್ಲಿ ಗಾಳಿ ಜೋರಾದರೆ ಒತ್ತಡ ಇಳಿಯುತ್ತೆ, ಜೆಟ್ ಅನ್ನೋ ಸಣ್ಣ ತೂತಿನಿಂದ ಪೆಟ್ರೋಲ್ ಮೇಲೇಳುತ್ತೆ. ಗಂಟಲು ಅಗಲವಾದರೆ ಗಾಳಿ ಸೋಮಾರಿಯಾಗುತ್ತೆ. ಪೆಟ್ರೋಲ್ ಏಳುವುದೇ ಇಲ್ಲ.

ಆ ಕೊರತೆ ತುಂಬಲು ನಾನು ಮೇನ್ ಜೆಟ್ ದೊಡ್ಡದು ಹಾಕಿದೆ. ಪಿಕಪ್ ಸ್ವಲ್ಪ ಬಂತು. ವಾರ ಬಿಟ್ಟು ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಸೌದೆ ಒಲೆಯ ಪಾತ್ರೆ ತಳದ ಹಾಗೆ ಮಸಿ, ಗಾಳಿಗಿಂತ ಪೆಟ್ರೋಲ್ ಜಾಸ್ತಿಯಾದ ಗುರುತು. ಬೆಟ್ಟದ ಮೇಲೆ ಇದು ಇನ್ನೂ ಜಾಸ್ತಿ. ನಂದಿ 1478 ಮೀಟರ್ ಎತ್ತರ. ಅಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಹತ್ತಿರ ಹತ್ತಿರ ಶೇ 13ರಷ್ಟು ತೆಳು. ಪೆಟ್ರೋಲ್ ಮಾತ್ರ ಅದಕ್ಕೆ ತಕ್ಕಷ್ಟು ಕಡಿಮೆಯಾಗಲ್ಲ.

ಎಂಜಿನ್‌ಗೆ ಎಷ್ಟು ಗಾಳಿ ಬೇಕು ಅನ್ನೋ ಲೆಕ್ಕ ಏನೂ ಕಷ್ಟವಿಲ್ಲ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಸಿಸಿಯಷ್ಟು ಗಾಳಿ ಎಳೆಯುತ್ತೆ. ನನ್ನದು 5000 ಆರ್‌ಪಿಎಂನಲ್ಲಿ ನಿಮಿಷಕ್ಕೆ 2722 ಲೀಟರ್. ಸಿಲಿಂಡರ್ ಪೂರ್ತಿ ತುಂಬಲ್ಲ, ಶೇ 80 ಅಂತ ಹಿಡಿಯಿರಿ. ಸುಮಾರು 2180 ಲೀಟರ್, ಅಂದರೆ 77 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ). ಇಷ್ಟು ಗಾಳಿಗೆ ಬಿಂದಿಗೆ ಬಾಯಿ ಸಾಕು, ಹಂಡೆ ಬಾಯಿ ಯಾಕೆ? ಅದೂ 5000ಕ್ಕೆ. ಸಂತೆಗೂ ಊರಿಗೂ ನಾವು ಓಡಿಸುವುದು ಅದರ ಅರ್ಧದಲ್ಲಿ.

ಇನ್ನೊಂದು ಮಾತು. ಸೋಲೆಕ್ಸ್ ಕಂಪನಿಯ ಕಾರ್ಬೊರೇಟರ್ ಮೇಲೆ 32 ಅಂತ ಇದ್ದರೆ ಅದು ಥ್ರಾಟಲ್ (ಆಕ್ಸಿಲರೇಟರ್ ಒತ್ತಿದರೆ ತೆರೆಯುವ ಕವಾಟ) ತೂತಿನ ಅಳತೆ, ಮಿಲಿಮೀಟರ್‌ನಲ್ಲಿ. ಒಳಗಿನ ವೆಂಚುರಿ ಅದಕ್ಕಿಂತ ಸಣ್ಣದು. ಕೊಳ್ಳುವಾಗ ಅದನ್ನು ಅಳೆಯಿರಿ. ಕ್ಯಾಮ್, ವಾಲ್ವ್, ಎಕ್ಸಾಸ್ಟ್ ಎಲ್ಲಾ ಬದಲಿಸಿ ರೇಸ್‌ಗೆ ಹೋಗುವವರ ಕಥೆ ಬೇರೆ, ಅವರಿಗೆ ನಾನು ಹೇಳುವುದೇನಿಲ್ಲ.

ಹಳೇದನ್ನೇ ತೊಳೆದು, ಗ್ಯಾಸ್ಕೆಟ್ ಹಾಕಿ ಮತ್ತೆ ಕೂರಿಸಿದೆ. ಹೋದ ಭಾನುವಾರ ಅದೇ ತಿರುವು, ಅದೇ ಸೆಕೆಂಡ್ ಗೇರ್, ಸರಾಗವಾಗಿ ಹತ್ತಿತು. ದೊಡ್ಡದು ಅಟ್ಟದ ಮೇಲಿದೆ. ಎರಡು ಲೀಟರ್ ಎಂಜಿನ್ ಇರುವವರು ಬನ್ನಿ, ಸುಮ್ನೆ ಕೊಡ್ತೀನಿ.